ಕಾಡಂಚಿನಲ್ಲಿ ಉಣ್ಣಿ ಕಚ್ಚಿದರೆ: ತೆಗೆಯುವುದು ಹೇಗೆ, ಆಮೇಲೆ ಏನು ನೋಡಬೇಕು?

ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೊರಟರೆ ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಭೀಮಗಡ ವನ್ಯಧಾಮದ ಸುತ್ತಲಿನ ಹಳ್ಳಿಗಳಲ್ಲಿ ಜಿಂಕೆ, ಕಡವೆ, ಕಾಡುಕೋಣಗಳು ರಾತ್ರಿ ಓಡಾಡಿದ ದಾರಿಯಲ್ಲೇ ಬೆಳಗ್ಗೆ ದನ ಮೇಯಲು ಹೋಗುತ್ತವೆ, ಅದೇ ದಾರಿಯಲ್ಲಿ ಹೆಂಗಸರು ಕಟ್ಟಿಗೆ ತರುತ್ತಾರೆ. ಪ್ರಾಣಿಯ ಮೈಮೇಲೆ ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಉದುರುವುದೂ ಅಲ್ಲೇ. ಉದುರಿದ್ದು ತರಗೆಲೆಯ ಅಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆಗಾಲ ಮುಗಿದ ಮೇಲೆ ಮೊದಲು ಆರು ಕಾಲಿನ ಸಣ್ಣ ಮರಿಗಳು, ಆಮೇಲೆ ಎಂಟು ಕಾಲಿನ ಎಳೆ ಉಣ್ಣಿಗಳು ಎದ್ದು ಬರುತ್ತವೆ. ಡಿಸೆಂಬರಿನಿಂದ ಮೇ ತನಕ ಜನರಿಗೆ ಹೆಚ್ಚಾಗಿ ಕಚ್ಚುವವು ಈ ಎಳೆಯವೇ. ಗೇರುಬೀಜ ಆರಿಸುವ, ತರಗು ಗುಡಿಸುವ, ಕವಳಿ ಹಣ್ಣಿಗೆಂದು ಮಕ್ಕಳು ಪೊದೆಯೊಳಗೆ ನುಗ್ಗುವ ಕಾಲವೂ ಅದೇ.

ಹೆಚ್ಚಿನ ಕಡಿತಗಳು ನಾಲ್ಕು ದಿನದ ತುರಿಕೆಯಲ್ಲಿ ಮುಗಿಯುತ್ತವೆ. ಆದರೆ ನಮ್ಮ ಘಟ್ಟದಂಚಿನಲ್ಲಿ ಅಷ್ಟಕ್ಕೇ ಸುಮ್ಮನಿರುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣಿಯಿಂದಲೇ ಬರುತ್ತದೆ. ಅದು ಶಿವಮೊಗ್ಗದಲ್ಲೇ ಉಳಿಯಲಿಲ್ಲ. 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಜೋರಾಗಿ ಕಾಣಿಸಿಕೊಂಡಿತು. ಎರಡೂ ಖಾನಾಪುರದ ಕಾಡಿಗೆ ದೂರದ ಊರುಗಳಲ್ಲ. ಚೋರ್ಲಾ ಘಟ್ಟ ಇಳಿದು ಗೇರು ತೋಟಗಳ ಕೂಲಿಗೆ ಹೋಗಿಬರುವವರು ಇದನ್ನು ಮರೆಯಬಾರದು.

ಬಯಲುಸೀಮೆಯವರಿಗೆ ಇದು ಸಂಬಂಧವಿಲ್ಲದ ಮಾತೂ ಅಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮದ ಸುತ್ತ ಕುರಿ ಮೇಯಿಸುವವರಿಗೆ, ವಿಜಯಪುರದಲ್ಲಿ ಮನೆಯೊಳಗೇ ನಾಯಿ ಸಾಕಿದವರಿಗೆ ಮಂಗನ ಕಾಯಿಲೆಯ ಭಯ ಇಲ್ಲದಿದ್ದರೂ ಉಣ್ಣಿಯಿಂದ ಬರುವ ಟೈಫಸ್ ಜ್ವರದ ಭಯ ಇದ್ದೇ ಇದೆ. ಅದರ ವಿಚಾರ ಮುಂದೆ ಬರುತ್ತದೆ.

ಹೊರಡುವ ಮೊದಲು

ಉಣ್ಣಿ ಹಾರುವುದಿಲ್ಲ, ಜಿಗಿಯುವುದಿಲ್ಲ, ಮರದಿಂದ ತಲೆಯ ಮೇಲೆ ಬೀಳುವುದೂ ಇಲ್ಲ. ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಮೈಯ ಬಿಸಿ ಅದಕ್ಕೆ ತಿಳಿಯುತ್ತದೆ. ಕಾಲು ತಾಗಿದ ಕ್ಷಣ ಹಿಡಿದುಕೊಂಡು ಮೇಲೆ ಹರಿಯುತ್ತದೆ. ಹಾಗಾಗಿ ತಡೆಯುವ ಕೆಲಸ ಕಾಲಿನಿಂದಲೇ ಶುರುವಾಗಬೇಕು.

ಉದ್ದನೆಯ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ ತರಗೆಲೆ ತುಳಿಯುವುದು ಎಲ್ಲಕ್ಕಿಂತ ಅಪಾಯ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದು ನಮ್ಮ ಕಡೆ ಇದ್ದೇ ಇದೆ. ಕಾಡಿಗೆ ಹೋಗುವ ದಿನ ಸೀರೆಯ ಒಳಗೆ ಪೈಜಾಮ, ಕಾಲಿಗೆ ಕಾಲುಚೀಲ ಸೇರಿಸಿಕೊಂಡರೆ ರಕ್ಷಣೆ ಎಷ್ಟೋ ಹೆಚ್ಚುತ್ತದೆ. ಬಟ್ಟೆ ತಿಳಿ ಬಣ್ಣದ್ದಾಗಿದ್ದರೆ ಹರಿಯುತ್ತಿರುವ ಉಣ್ಣಿ ಕಣ್ಣಿಗೆ ಬೀಳುತ್ತದೆ.

ಮಂಗನ ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆ ಡೇಪಾ ಎಣ್ಣೆ ಕೊಡುತ್ತದೆ, ಉಣ್ಣಿ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಅದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಒಮ್ಮೆ ಕೇಳಿ. ಸಿಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಡೀಟ್ ಇರುವ ಮುಲಾಮು ಕೇಳಿ ತಂದು ಪಾದ, ಮೊಣಕಾಲಿನ ಕೆಳಭಾಗ, ಕೈಗಳಿಗೆ ಹಚ್ಚಿಕೊಳ್ಳಿ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಬೆವರಿಗೆ ಅದು ಇಳಿದುಹೋಗುವುದರಿಂದ ದಿನವಿಡೀ ಕಾಡಿನಲ್ಲಿರುವವರು ಮಧ್ಯೆ ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ಮನೆಗೆ ಬಂದ ಮೇಲೆ ಸೋಪಿನಿಂದ ತೊಳೆದುಬಿಡಿ.

ಬುತ್ತಿ ಬಿಚ್ಚುವಾಗ ತರಗೆಲೆಯ ಮೇಲೆ ಕೂರಬೇಡಿ, ಬಂಡೆ ನೋಡಿ ಕೂಡ್ರಿ. ವಜ್ರಪೋಹಾ ಜಲಪಾತ ನೋಡಲು ರವಿವಾರ ಬೆಳಗಾವಿಯಿಂದ ಬರುವ ಹುಡುಗರಿಗೂ ಇದೇ ಮಾತು: ಕಾಲುದಾರಿಯ ನಡುವೆ ನಡೆಯಿರಿ, ಫೋಟೊಕ್ಕಾಗಿ ಹುಲ್ಲಿನಲ್ಲಿ ಮಲಗಬೇಡಿ.

ಸಂಜೆ ಮೈ ನೋಡಿಕೊಳ್ಳುವುದು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಉಣ್ಣಿ ಕಚ್ಚಿದ್ದು ನೋಯುವುದಿಲ್ಲ. ಅದರ ಜೊಲ್ಲಿನಲ್ಲಿ ಚರ್ಮವನ್ನು ಜೋಮು ಹಿಡಿಸುವ ಅಂಶ ಇದೆ. ನೋವಾದಾಗ ನೋಡೋಣ ಎಂದರೆ ಎರಡು ಮೂರು ದಿನ ಅದು ಕೂತು ಕುಡಿಯುತ್ತಲೇ ಇರುತ್ತದೆ. ಕಚ್ಚಿಕೊಂಡಷ್ಟು ಹೊತ್ತೂ ರೋಗ ದಾಟುವ ಅವಕಾಶ ಬೆಳೆಯುತ್ತದೆ. ಕಣ್ಣಿಟ್ಟು ಹುಡುಕದೆ ಬೇರೆ ದಾರಿ ಇಲ್ಲ.

ಕಾಡಿನಿಂದ ಬಂದವರು ಬಟ್ಟೆಯನ್ನು ಮನೆಯ ಹೊರಗೇ ಬಿಚ್ಚಿ ನೇರ ಬಕೆಟ್ಟಿಗೆ ಹಾಕಿ, ಮೇಲೆ ಕುದಿಯುವ ನೀರು ಸುರಿಯಬೇಕು. ತಣ್ಣೀರಿನಲ್ಲಿ ನೆನೆಸಿದರೆ ಉಣ್ಣಿ ಸಾಯುವುದಿಲ್ಲ. ಬಟ್ಟೆ ಹಾಸಿಗೆಯ ಮೇಲೆ ಬಿದ್ದಿತೆಂದರೆ ಕಾಡಿಗೆ ಹೋಗದ ಅಜ್ಜಿಗೂ ಉಣ್ಣಿ ಹತ್ತುತ್ತದೆ. ಆಮೇಲೆ ಬಿಸಿನೀರು, ಸೋಪು ಹಾಕಿ ಮೈ ತಿಕ್ಕಿ ಸ್ನಾನ ಮಾಡಿ. ಇನ್ನೂ ಕಚ್ಚದೆ ಹರಿದಾಡುತ್ತಿರುವವು ಅದರಲ್ಲೇ ಹೋಗುತ್ತವೆ.

ಸ್ನಾನವಾದ ಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಿಕೊಳ್ಳಿ. ಉಣ್ಣಿಗೆ ಬೇಕಾಗುವುದು ಮೆತ್ತಗಿನ, ಬೆವರಿನ, ಬಟ್ಟೆ ಬಿಗಿಯಾದ ಜಾಗ. ಮೊಣಕಾಲಿನ ಹಿಂದೆ, ತೊಡೆಯ ಸಂದಿ, ಉಡದಾರದ ಕೆಳಗೆ, ಸೀರೆಯ ನಿರಿಗೆ ಸಿಕ್ಕಿಸುವ ಸೊಂಟದ ಸುತ್ತ, ಹೊಕ್ಕಳು, ಕಂಕುಳು, ಸ್ತನದ ಕೆಳಗೆ, ಕಿವಿಯ ಹಿಂದೆ, ಕತ್ತಿನ ಕೂದಲಂಚು, ಕಾಲ್ಬೆರಳ ಸಂದಿ. ಬೆನ್ನು ತನಗೆ ತಾನೇ ಕಾಣುವುದಿಲ್ಲ, ಮನೆಯವರು ನೋಡಬೇಕು. ಮಕ್ಕಳ ತಲೆಯನ್ನು ಹೇನು ನೋಡುವಷ್ಟೇ ಶ್ರದ್ಧೆಯಿಂದ ಬಿಡಿಸಿ ನೋಡಿ. ಎಳೆ ಉಣ್ಣಿ ಎಳ್ಳಿಗಿಂತ ಸಣ್ಣದು. ನಿನ್ನೆ ಇಲ್ಲದ ಮಚ್ಚೆ ಇಂದು ಕಂಡರೆ ಬೆರಳಾಡಿಸಿ. ಕಚ್ಚಿದ ಉಣ್ಣಿಯಾದರೆ ಉಬ್ಬು ಬೆರಳಿಗೆ ಸಿಗುತ್ತದೆ.

ಕೆಲವೊಮ್ಮೆ ಮರಿಗಳ ಗುಂಪಿಗೇ ಕಾಲಿಟ್ಟಿರುತ್ತೀರಿ. ಪಾದದ ಮೇಲೆ ಕಪ್ಪು ಧೂಳು ಹರಿದಾಡಿದಂತೆ ಹತ್ತಾರು ಮರಿಗಳು ಕಾಣುತ್ತವೆ. ಕೈಯಿಂದ ಉಜ್ಜಲು ಹೋಗಬೇಡಿ. ಅಗಲವಾದ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಎತ್ತಿ, ಮತ್ತೆ ಹೊಸ ತುಂಡು ಒತ್ತಿ ಎತ್ತಿ. ಕಚ್ಚದಿರುವ ಮರಿಗಳು ಅದಕ್ಕೆ ಅಂಟಿ ಬರುತ್ತವೆ. ಕಾಡಿಗೆ ಹೋಗುವವರ ಚೀಲದಲ್ಲಿ ಒಂದು ಅಂಟುಪಟ್ಟಿ ಸುರುಳಿ ಇರಲಿ.

ಕಚ್ಚಿರುವುದನ್ನು ತೆಗೆಯುವ ಬಗೆ

ಬೇಕಾಗುವುದು ತುದಿ ಚೂಪಾದ, ಮುಳ್ಳು ಕೀಳುವ ಚಿಮಟ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದು ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೆಗೆಯಬಹುದು. ಬರಿಗೈ ಬೇಡ.

ಮೊದಲು ಉಣ್ಣಿಯನ್ನು ಚರ್ಮಕ್ಕೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ, ಅದರ ಬಾಯಿಯ ಭಾಗದಲ್ಲಿ ಹಿಡಿಯಿರಿ. ಉಬ್ಬಿದ ಹೊಟ್ಟೆಯನ್ನು ಹಿಡಿದು ಹಿಸುಕಿದರೆ ಒಳಗಿನದ್ದು ನಿಮ್ಮ ಗಾಯಕ್ಕೆ ಇಳಿಯಬಹುದು. ಹಿಡಿತ ಸರಿಯಾದ ಮೇಲೆ ನೇರ ಮೇಲಕ್ಕೆ, ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಗಿರ್ರನೆ ತಿರುಗಿಸಬೇಡಿ, ಜಗ್ಗಬೇಡಿ. ಅದರ ಸೊಂಡಿಲಿಗೆ ಹಿಮ್ಮುಖ ಹಲ್ಲುಗಳಿವೆ, ಹಲವು ಜಾತಿಯವು ಸುತ್ತ ಗೋಂದಿನಂಥ ದ್ರವವನ್ನೂ ಬಿಡುತ್ತವೆ. ಆದ್ದರಿಂದ ತಕ್ಷಣ ಬರುವುದಿಲ್ಲ. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ಹಾಗೇ ಹಿಡಿದುಕೊಂಡಿರಿ, ಬಿಡುತ್ತದೆ.

ಬಾಯಿಯ ತುಣುಕು ಒಳಗೇ ಉಳಿದರೆ ಗಾಬರಿ ಬೇಡ. ಚಿಮಟಕ್ಕೆ ಸುಲಭವಾಗಿ ಸಿಕ್ಕರೆ ತೆಗೆಯಿರಿ, ಸಿಗದಿದ್ದರೆ ಬಿಡಿ. ದಿನ ಕಳೆದಂತೆ ಚರ್ಮವೇ ಅದನ್ನು ಹೊರಹಾಕುತ್ತದೆ. ಸೂಜಿ, ಬ್ಲೇಡು ಹಾಕಿ ಕೆದಕಿದರೆ ಕೀವಾಗುತ್ತದೆ.

ಸೀಮೆಎಣ್ಣೆ, ಸುಣ್ಣ, ತಂಬಾಕಿನ ರಸ, ಉಪ್ಪು, ಹಚ್ಚಿದ ಬೀಡಿ, ಆರಿಸಿದ ಕಡ್ಡಿಯ ಬಿಸಿ ತುದಿ: ಇವೆಲ್ಲ ನಮ್ಮ ಊರುಗಳಲ್ಲಿ ನಡೆದುಬಂದ ಉಪಾಯಗಳು. ಹಿರಿಯರು ಒಳ್ಳೆಯದಕ್ಕೇ ಹೇಳಿದ್ದು, ಆದರೆ ಇವನ್ನು ಬಿಡಲೇಬೇಕು. ಸುಟ್ಟಾಗ, ಉಸಿರು ಕಟ್ಟಿಸಿದಾಗ ಉಣ್ಣಿ ಸುಮ್ಮನೆ ಬಿಟ್ಟು ಹೋಗುವುದಿಲ್ಲ. ಜೊಲ್ಲನ್ನು, ಹೊಟ್ಟೆಯಲ್ಲಿರುವುದನ್ನು ಇನ್ನಷ್ಟು ಒಳಗೆ ಕಾರುತ್ತದೆ. ನಮ್ಮ ಚರ್ಮ ಸುಡುವುದು ಬೇರೆ.

ತೆಗೆದ ಉಣ್ಣಿಯನ್ನು ಉಗುರಿನಲ್ಲಿ ಚಟ್ ಎನಿಸಬೇಡಿ. ದನ, ಕುರಿ, ನಾಯಿಯ ಮೈಯಿಂದ ಕಿತ್ತಿದ್ದಕ್ಕೂ ಇದೇ ನಿಯಮ. ಒಡೆದ ಉಣ್ಣಿಯ ರಸ ಬೆರಳಿನ ಗೀರಿಗೆ ತಾಗಿದರೂ ಕೆಲವು ರೋಗ ದಾಟುತ್ತವೆ. ಸ್ಪಿರಿಟ್ ಇರುವ ಪುಟ್ಟ ಸೀಸೆಗೆ ಹಾಕಿ, ಇಲ್ಲವೇ ಅಂಟುಪಟ್ಟಿಯ ಮಧ್ಯೆ ಮುಚ್ಚಿ ಎಸೆಯಿರಿ. ಕಚ್ಚಿದ ಜಾಗವನ್ನು, ಕೈಗಳನ್ನು ಸೋಪಿನಿಂದ ತೊಳೆದು ಸ್ಪಿರಿಟ್ ಅಥವಾ ಪೋವಿಡೋನ್ ಅಯೋಡಿನ್ ಹಚ್ಚಿ. ಧನುರ್ವಾತದ ಚುಚ್ಚುಮದ್ದು ತೆಗೆದುಕೊಂಡು ವರ್ಷಗಳಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಚ್ಚಿದಲ್ಲಿ ಸಣ್ಣ ಗಂಟು, ನವೆ ಕೆಲವು ವಾರ ಇರಬಹುದು. ಅದಷ್ಟೇ ಇದ್ದರೆ ರೋಗವಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ: ಯಾರಿಗೆ ಕಚ್ಚಿತು, ಅವರು ಯಾವ ಕಾಡಿಗೆ ಹೋಗಿದ್ದರು. ಮುಂದೆ ಜ್ವರ ಬಂದರೆ ವೈದ್ಯರಿಗೆ ಬೇಕಾಗುವ ಮೊದಲ ಮಾಹಿತಿ ಇದೇ.

ಮನೆ, ಕೊಟ್ಟಿಗೆ, ಜಿಂಕೆ

ಉಣ್ಣಿಗೆ ಒಣಬಿಸಿಲು ಆಗುವುದಿಲ್ಲ. ಅಂಗಳದ ತರಗೆಲೆ ಗುಡಿಸಿ, ಹುಲ್ಲು ಕತ್ತರಿಸಿ, ಕಟ್ಟಿಗೆಯ ರಾಶಿಯನ್ನು ಮನೆಗೆ ತಾಗಿಸದೆ ಬಿಸಿಲು ಬೀಳುವಲ್ಲಿ ಒಟ್ಟಿ. ದನಗಳಿಗೆ ಹಚ್ಚುವ, ಚುಚ್ಚುವ ಔಷಧವನ್ನು ಪಶುವೈದ್ಯರಿಂದಲೇ ಕೇಳಿ ತನ್ನಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಬಳಿಯುವುದು ದನಕ್ಕೂ ಹಾಲು ಕುಡಿಯುವವರಿಗೂ ವಿಷ.

ಜಿಂಕೆಗಳನ್ನು ಹೊಲದಿಂದ ದೂರ ಇಡಲು ಬೇಲಿ ಗಟ್ಟಿ ಮಾಡಿ, ಅಂಗಳದಲ್ಲಿ ತಿನ್ನಲು ಹಾಕಿ ಸಲಿಗೆ ಬೆಳೆಸಬೇಡಿ. ದನ, ಜಿಂಕೆಯಂಥ ದೊಡ್ಡ ಪ್ರಾಣಿಗಳು ಉಣ್ಣಿಯ ಸಂಖ್ಯೆ ಹೆಚ್ಚಿಸುತ್ತವೆ ನಿಜ. ಹಾಗೆಂದು ಜಿಂಕೆಯನ್ನು ಶತ್ರುವಾಗಿ ನೋಡುವುದು ತಪ್ಪು. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೊಂದರೆ ಉಣ್ಣಿ ಹೋಗುವುದೂ ಇಲ್ಲ. ಇಲಿ, ಹಕ್ಕಿ, ದನಗಳು ಅದನ್ನು ಸಾಕುತ್ತಲೇ ಇರುತ್ತವೆ.

ಕಾಡಿನಲ್ಲಿ ಮುಸುವ ಅಥವಾ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಮಂಗನ ಕಾಯಿಲೆಯ ವೈರಸ್ ಮಂಗಗಳನ್ನೂ ಕೊಲ್ಲುತ್ತದೆ. ಸತ್ತ ಮೈಯಿಂದ ಇಳಿದ ಸೋಂಕಿತ ಉಣ್ಣಿಗಳು ಸುತ್ತಲೂ ಹರಡಿರುತ್ತವೆ. ನಮ್ಮ ಕಡೆ ಸತ್ತ ಮಂಗನನ್ನು ಭಕ್ತಿಯಿಂದ ಹೊತ್ತು ತಂದು ಮಣ್ಣು ಮಾಡುವ ರೂಢಿ ಇದೆ. ಆ ಭಕ್ತಿ ದೊಡ್ಡದು, ಆದರೂ ಮುಟ್ಟುವ ಮುಂಚೆ ಅರಣ್ಯ ಇಲಾಖೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅವರು ಮಾದರಿ ತೆಗೆದುಕೊಂಡು, ಜಾಗಕ್ಕೆ ಔಷಧ ಹಾಕಿ, ಶವ ಸುಡುತ್ತಾರೆ.

ಜ್ವರ ಬಂದರೆ

ಕಾಡಿಗೆ ಹೋಗಿಬಂದ ಎರಡು ವಾರದೊಳಗೆ ಜ್ವರ ಬಂದರೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಕಾಯಬೇಡಿ. ಉಣ್ಣಿ ಕಂಡಿರದಿದ್ದರೂ "ಕಾಡಿಗೆ ಹೋಗಿದ್ದೆ" ಎಂದು ನೀವಾಗಿಯೇ ವೈದ್ಯರಿಗೆ ಹೇಳಿ. ಅವರು ಕೇಳಲಿಲ್ಲವೆಂದು ಬಿಡಬೇಡಿ. ಈ ಒಂದು ಮಾತಿಲ್ಲದೆ ಡೆಂಗಿ, ಟೈಫಾಯ್ಡ್ ಎಂದುಕೊಂಡು ಅಮೂಲ್ಯ ದಿನಗಳು ಕಳೆಯುತ್ತವೆ.

ಟೈಫಸ್ ಜ್ವರದಲ್ಲಿ ಮೈಮೇಲೆ ಕೆಂಪು ಗುಳ್ಳೆಗಳು ಏಳುತ್ತವೆ, ಅಂಗೈ ಅಂಗಾಲಿನಲ್ಲೂ ಕಾಣುತ್ತವೆ. ಕೆಲವರಿಗೆ ಕಚ್ಚಿದಲ್ಲಿ ಕಪ್ಪು ಹಕ್ಕಳೆ ಇರುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಒಳ್ಳೆಯ, ಅಗ್ಗದ ಔಷಧ ಇದೆ. ಬೇಗ ಶುರುವಾದರೆ ಗುಣವೂ ಬೇಗ. ತಡವಾದರೆ ಮಕ್ಕಳ ಜೀವಕ್ಕೂ ಅಪಾಯ. ಆದರೆ ಉಣ್ಣಿ ಕಚ್ಚಿತೆಂದ ಮಾತ್ರಕ್ಕೆ, ಜ್ವರವಿಲ್ಲದೆ, ನಾವಾಗಿ ಈ ಗುಳಿಗೆ ನುಂಗುವುದು ಬೇಡ. ಅಮೆರಿಕ, ಯುರೋಪಿನಲ್ಲಿ ಜಿಂಕೆಯ ಉಣ್ಣಿಯಿಂದ ಬರುವ ಲೈಮ್ ಕಾಯಿಲೆಯ ಸಲಹೆಗಳನ್ನು ಮೊಬೈಲಿನಲ್ಲಿ ಓದಿ ಹೆದರುವವರಿದ್ದಾರೆ. ನಮ್ಮ ಕಾಡಿನ ಉಣ್ಣಿಯೂ ಬೇರೆ, ಮುಖ್ಯ ರೋಗಗಳೂ ಬೇರೆ. ಆದರೂ ಕಚ್ಚಿದ ಸುತ್ತ ಕೆಂಪು ಬಳೆ ದಿನದಿನ ಅಗಲವಾಗುತ್ತಿದ್ದರೆ ತಪ್ಪದೆ ವೈದ್ಯರಿಗೆ ತೋರಿಸಿ.

ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ ದಿಢೀರನೆ ಶುರುವಾಗುತ್ತದೆ. ಚಳಿ, ಜೋರು ಜ್ವರ, ಹಣೆ ಸಿಡಿಯುವ ನೋವು, ಸೊಂಟ ಕಾಲು ಮುರಿದಂಥ ಮೈನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ಒಸಡು, ಮೂಗಿನಿಂದ ರಕ್ತ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಮಲೆನಾಡಿನಲ್ಲಿ ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ಅದರ ಪರಿಣಾಮ ಸಾಲದೆಂದು ನಿಲ್ಲಿಸಲಾಗಿದೆ. ಆದರೂ ಆಸ್ಪತ್ರೆಯಲ್ಲಿ ಸಲೈನ್, ರಕ್ತಸ್ರಾವದ ಮೇಲೆ ನಿಗಾ, ಸರಿಯಾದ ಆರೈಕೆ ಸಿಕ್ಕರೆ ಬಹುಪಾಲು ಜನ ಬದುಕುತ್ತಾರೆ. ಸಾವಿನ ಪ್ರಮಾಣ ನೂರಕ್ಕೆ 3ರಿಂದ 5ರಷ್ಟು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡವೇ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ದೂರ ಇಡಬೇಡಿ, ಹತ್ತಿರ ಕೂತು ಗಂಜಿ ಕುಡಿಸಿ.

ವಾರ, ಎರಡು ವಾರಕ್ಕೆ ಜ್ವರ ಬಿಟ್ಟಿತೆಂದು ಕೂಲಿಗೆ ಓಡಬೇಡಿ. ನೂರರಲ್ಲಿ 10ರಿಂದ 20 ಜನರಿಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರಳುತ್ತದೆ, ಈ ಸಲ ಮಿದುಳಿಗೆ ತಾಗುತ್ತದೆ. ಕತ್ತು ಬಿಗಿಯುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತಪ್ಪುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಹಳೆಯ ಚೀಟಿ, ರಕ್ತ ಪರೀಕ್ಷೆಯ ಕಾಗದಗಳನ್ನು ಜೊತೆಯಲ್ಲೇ ಒಯ್ಯಿರಿ.