ಹರ್ಟ್ಸ್ ಇದ್ದರೂ ಬಾರ್ಕ್ಲಿಗೆ 47 ಡಾಲರ್: ರನ್ನಿಂಗ್ ಬ್ಯಾಕ್‌ಗೆ ಬೆಲೆ ಕಟ್ಟುವ ನನ್ನ ಲೆಕ್ಕ

ನಾವು ಆಡುವುದು ಅಮೆರಿಕನ್ ಫುಟ್‌ಬಾಲ್‌ನ ಫ್ಯಾಂಟಸಿ ಲೀಗ್: ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತೇವೆ, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. 2024ರ ಹರಾಜಿನಲ್ಲಿ ಸಕ್ವಾನ್ ಬಾರ್ಕ್ಲಿಗೆ, ಅಂದರೆ ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್‌ಗೆ, 47 ಡಾಲರ್ ಕೂಗಿದಾಗ ಉಳಿದ ಹನ್ನೊಂದು ಜನರದೂ ಒಂದೇ ತಕರಾರು. ಗೋಲ್ ಗೆರೆಗೆ ಒಂದು ಯಾರ್ಡ್ ಉಳಿದರೆ ಅವನ ಈಗಲ್ಸ್ ತಂಡದಲ್ಲಿ ಚೆಂಡು ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಜೇಲನ್ ಹರ್ಟ್ಸ್ ಕೈಯಲ್ಲೇ, ಹಿಂದಿನಿಂದ ಎಲ್ಲರೂ ಸೇರಿ ನೂಕುತ್ತಾರೆ, ಗೆರೆ ದಾಟಿಸುವ ಟಚ್‌ಡೌನ್ ಬಾರ್ಕ್ಲಿಗೆ ಎಲ್ಲಿಂದ ಬರಬೇಕು? ಬುಡವಿಲ್ಲದ ಮಾತೇನಲ್ಲ. 2023ರಲ್ಲಿ ಹರ್ಟ್ಸ್ ಓಡಿ ಹೊಡೆದದ್ದು 15, ಆ ವರ್ಷದ ಬ್ಯಾಕ್ ಡಿಆಂಡ್ರೆ ಸ್ವಿಫ್ಟ್‌ಗೆ 229 ಕ್ಯಾರಿಯಲ್ಲಿ (ಚೆಂಡು ಹಿಡಿದು ಓಡಿದ ಸಲ) ಸಿಕ್ಕಿದ್ದು 5. ಆದರೆ 2024 ಮುಗಿಯುವಾಗ ಹರ್ಟ್ಸ್ ಮತ್ತೆ 14 ಹೊಡೆದಿದ್ದ, ಬಾರ್ಕ್ಲಿ ಕೂಡ 345 ಕ್ಯಾರಿ, 2005 ಯಾರ್ಡ್, ಕ್ಯಾಚ್ ಸೇರಿ 15 ಟಚ್‌ಡೌನ್ ಮಾಡಿದ್ದ. ತಕರಾರು ನಿಜವಾಗಿತ್ತು, ಬೆಲೆ ತಪ್ಪಾಗಿತ್ತು.

ನಮ್ಮದು ಹಾಫ್ ಪಿಪಿಆರ್ (ಕ್ಯಾಚ್‌ಗೆ ಅರ್ಧ ಅಂಕ), 12 ತಂಡ, 200 ಡಾಲರ್ ಹರಾಜು. ನಾನು ಆಟಗಾರನಿಂದ ಶುರು ಮಾಡುವುದಿಲ್ಲ, ತಂಡದಿಂದ ಶುರು ಮಾಡುತ್ತೇನೆ. ಈಗಲ್ಸ್ ಹಿಂದಿನ ವರ್ಷ ಹತ್ತಿರ ಹತ್ತಿರ 490 ಸಲ ಓಡಿತ್ತು. ಅದರಲ್ಲಿ ಹರ್ಟ್ಸ್‌ನ 157 ತೆಗೆದರೆ ಬ್ಯಾಕ್‌ಗಳಿಗೆ ಉಳಿಯುವುದು 330 ಚಿಲ್ಲರೆ. ಮೂರು ವರ್ಷಕ್ಕೆ 37.75 ಮಿಲಿಯನ್ ಕೊಟ್ಟು ತಂದವನನ್ನು ಬೆಂಚಿನಲ್ಲಿ ಕೂರಿಸುವುದಿಲ್ಲ. ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಜಾಸ್ತಿ ಹಿಡಿದೆ, 260 ಕ್ಯಾರಿ ಆಯಿತು. ಕ್ಯಾರಿಗೆ 4.5ರಂತೆ 1170 ಯಾರ್ಡ್. 50 ಟಾರ್ಗೆಟ್‌ನಲ್ಲಿ (ಅವನತ್ತ ಎಸೆದ ಪಾಸ್) 38 ಕ್ಯಾಚ್, 270 ಯಾರ್ಡ್. ಟಚ್‌ಡೌನ್ ಹತ್ತು, ಹರ್ಟ್ಸ್ ಪಾಲು ಕಳೆದ ಮೇಲೆ. ಒಟ್ಟು 223 ಅಂಕ, 15 ಪಂದ್ಯಕ್ಕೆ.

ಹದಿನೇಳರ ಬದಲು ಹದಿನೈದು ಏಕೆ ಅಂದರೆ ಪೂರ್ತಿ ಸೀಸನ್ ಆಡುವ ಬ್ಯಾಕ್‌ನನ್ನು ನಂಬಿದವನು ಕೆಟ್ಟ. ಆದರೆ ತಪ್ಪಿದ ಎರಡು ವಾರಕ್ಕೆ ಸೊನ್ನೆ ಹಾಕುವುದೂ ತಪ್ಪು. ಮೂರು ಸೀಸನ್ ಹಾಗೇ ಹಾಕಿ, ಗಾಯದ ಚರಿತ್ರೆ ಇರುವ ಒಳ್ಳೆ ಆಟಗಾರರನ್ನೆಲ್ಲ ಕೈಬಿಟ್ಟೆ. ಆ ವಾರ ಬೆಂಚಿನಿಂದ ಯಾರೋ ಬರುತ್ತಾನೆ, ಎಂಟು ಅಂಕವಾದರೂ ತರುತ್ತಾನೆ. ಹಾಗಾಗಿ 223ಕ್ಕೆ 16 ಸೇರಿಸಿ 239. ಅಂಥ ಬದಲಿ ಆಟಗಾರನ ಇಡೀ ಸೀಸನ್ 136 (ಹದಿನೇಳು ಪಂದ್ಯ, ಎಂಟರಂತೆ) ಕಳೆದರೆ 103 ಉಳಿಯುತ್ತದೆ. ನಮ್ಮ ಲೀಗ್‌ನಲ್ಲಿ ಒಂದು ಹೆಚ್ಚುವರಿ ಅಂಕಕ್ಕೆ ಸುಮಾರು 52 ಸೆಂಟ್, ಅಂದರೆ 54 ಡಾಲರ್ ಮಾಲು. 47ಕ್ಕೆ ಸಿಕ್ಕಿತು.

ಬಂದದ್ದು 335 ಅಂಕದ ಆಸುಪಾಸು. ಅಷ್ಟನ್ನು ನನ್ನ ಲೆಕ್ಕದ ಹಾಳೆ ಹೇಳಿರಲಿಲ್ಲ. ರ‍್ಯಾಮ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 70, 72 ಯಾರ್ಡ್‌ನ ಎರಡು ಓಟ, ಒಟ್ಟು 255: ಇದನ್ನು ಆಗಸ್ಟ್‌ನಲ್ಲೇ ಕಂಡಿದ್ದೆ ಅನ್ನುವವನು ಸುಳ್ಳ. ಕೊಳ್ಳು ಅಂತ ಹಾಳೆ ಹೇಳಿತು, ನನಗೆ ಅಷ್ಟು ಸಾಕು.

ಮೊದಮೊದಲು ನನ್ನ ಕೈ ಸುಟ್ಟದ್ದು ಕ್ಯಾರಿಗೆಷ್ಟು ಯಾರ್ಡ್ ಅನ್ನುವ ಅಂಕಿ. ಡಿವಾನ್ ಏಚೇನ್ 2023ರಲ್ಲಿ 103 ಕ್ಯಾರಿಗೆ 800 ಯಾರ್ಡ್, ಸರಾಸರಿ 7.8. ಮರುವರ್ಷ ಅದು 4.5ಕ್ಕೆ ಕುಸಿಯಿತು. ಕುಸಿದರೂ ಕೊಂಡವರು ಗೆದ್ದರು, ಏಕೆಂದರೆ 78 ಕ್ಯಾಚ್ ಬಂತು. ಹಾಫ್ ಪಿಪಿಆರ್‌ನಲ್ಲಿ ಒಂದು ಟಾರ್ಗೆಟ್ ಎರಡು ಕ್ಯಾರಿಗೆ ಹತ್ತಿರ, ಕ್ಯಾಚ್‌ಗೆ ಪೂರ್ತಿ ಅಂಕ ಕೊಡುವ ಫುಲ್‌ನಲ್ಲಿ ಎರಡೂವರೆಗೆ. ಈಗ ಯಾರ ಸರಾಸರಿಯನ್ನೂ 4.6ಕ್ಕಿಂತ ಮೇಲೆ ಬರೆಯುವುದಿಲ್ಲ, ಎಷ್ಟೇ ಆಸೆಯಾದರೂ.

ಇನ್ನೊಂದು ಪೆಟ್ಟು ಜೇಮ್ಸ್ ಕುಕ್. 2023ರಲ್ಲಿ 237 ಕ್ಯಾರಿಗೆ ಓಡಿ ಹೊಡೆದದ್ದು ಎರಡೇ. ಅವನ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಅಲನ್ ಎಲ್ಲವನ್ನೂ ನುಂಗುತ್ತಾನೆ ಅಂತ ನಾನೂ ಬೆಲೆ ಇಳಿಸಿದೆ, ಮರುವರ್ಷ 207 ಕ್ಯಾರಿಗೇ 16. ಹಿಂದಿನ ವರ್ಷದ ಟಚ್‌ಡೌನ್ ಸಂಖ್ಯೆಯನ್ನು ಆವತ್ತೇ ಹಾಳೆಯಿಂದ ಅಳಿಸಿದೆ. ಗೆರೆಯಿಂದ ಐದು ಯಾರ್ಡ್ ಒಳಗಿನ ಕ್ಯಾರಿ ಎಣಿಸಿ, ಹತ್ತಕ್ಕೆ ನಾಲ್ಕು ಟಚ್‌ಡೌನ್ ಅಂತ ಹಿಡಿಯಿರಿ. ಕ್ವಾರ್ಟರ್‌ಬ್ಯಾಕ್ ಪಾಲನ್ನು ಎಷ್ಟು ಕಳೆಯಬೇಕು ಅನ್ನುವ ಗುಣಾಂಕ ನನ್ನ ಬಳಿಯೇ ಇರಲಿ. ಲೀಗ್‌ನಲ್ಲಿ ಕನ್ನಡ ಓದುವವರು ಇಬ್ಬರಿದ್ದಾರೆ.

ಬಾರ್ಕ್ಲಿ ಗೆಲ್ಲಿಸಿದ ವರ್ಷವೇ ಇನ್ನೊಂದು ಲೀಗ್‌ನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿಗೆ 71 ಸುರಿದೆ. ನಾಲ್ಕೇ ಪಂದ್ಯ, 202 ಯಾರ್ಡ್. ಪ್ರವೇಶದ ನೂರು ಡಾಲರ್ ನೀರಿಗೆ. ಕಾಲಿನ ನೋವಿನ ಸುದ್ದಿ ಆಗಸ್ಟ್‌ನಲ್ಲೇ ಇತ್ತು, ಹಾಳೆಯಲ್ಲಿ ಪಂದ್ಯದ ಸಂಖ್ಯೆ ಕಡಿಮೆ ಮಾಡದೆ ಬಿಟ್ಟವನು ನಾನು. ಅವನ ಬದಲಿ ಜೋರ್ಡನ್ ಮೇಸನ್ ಒಂದು ಡಾಲರಿಗೆ ಹೋದ. ಮೊದಲ ಪಂದ್ಯದಲ್ಲೇ 28 ಕ್ಯಾರಿ, 147 ಯಾರ್ಡ್. ಅಂದಿನಿಂದ 50 ದಾಟಿದ ಯಾವ ಬ್ಯಾಕ್‌ನನ್ನು ಕೊಂಡರೂ ಅವನ ಬದಲಿಯ ಎರಡು ಡಾಲರ್ ಅದೇ ಲೆಕ್ಕಕ್ಕೆ ಸೇರಿಸುತ್ತೇನೆ.

ನಡುವೆ ಎದುರಾಳಿಗಳ ರಕ್ಷಣಾ ಬಲ ನೋಡಿ ಅಂಕ ತಿದ್ದುವ ಪ್ರಯೋಗವನ್ನೂ ಮಾಡಿದೆ. ಎರಡು ವಾರಾಂತ್ಯ ಹಾಳು, ಅಂದಾಜು ಒಂದಿಷ್ಟೂ ಸುಧಾರಿಸಲಿಲ್ಲ. ವಯಸ್ಸಿನ ಗೆರೆ ಎಳೆದದ್ದೂ ದಂಡ: ಮೂವತ್ತಾದ ಡೆರಿಕ್ ಹೆನ್ರಿ 2024ರಲ್ಲಿ 1921 ಯಾರ್ಡ್ ಓಡಿದ. ದುಡಿತದ ಭಾರ ಮಾತ್ರ ಉಳಿಸಿಕೊಂಡಿದ್ದೇನೆ. ಪ್ಲೇಆಫ್ ಸೇರಿ ಬಾರ್ಕ್ಲಿ ಆ ವರ್ಷ ಓಟ, ಕ್ಯಾಚ್ ಎರಡೂ ಕೂಡಿ 482 ಸಲ ಚೆಂಡು ಹಿಡಿದಿದ್ದ. ಹಾಗಾಗಿ 2025ಕ್ಕೆ ಅವನ 5.8 ಸರಾಸರಿಯನ್ನು 4.4ಕ್ಕೆ ಇಳಿಸಿದೆ, ಹಿಂದಿನ ತಂಡ ಜೈಂಟ್ಸ್‌ನಲ್ಲಿ ಅವನ ಆರು ವರ್ಷದ ಸರಾಸರಿಯೂ 4.3. ಹಾಳೆ 58 ಅಂದಿತು, ಅಲ್ಲಿಗೆ ಕೈ ಇಳಿಸಿದೆ. 67ಕ್ಕೆ ಹೋದ, 1140 ಯಾರ್ಡ್ ಓಡಿದ.