ಬಸುರಿಯಲ್ಲಿ ವೇಪ್ ಬಿಡೋದು: ಮಗುವಿನ ಮುಖ, ಮೂಳೆಗಾಗಿ ಏನೇನು ಮಾಡಬೇಕು

ಬಸುರಿ ಅಂತ ಗೊತ್ತಾದ ದಿನವೇ ವೇಪ್ (ಲಿಕ್ವಿಡ್ ಕಾಯಿಸಿ ಆವಿ ಎಳೆಯುವ ಇ-ಸಿಗರೇಟ್) ನಿಲ್ಲಿಸಿ. ‘ನಂದು ನಿಕೋಟಿನ್ ಇಲ್ಲದ್ದು, ಬರೀ ಫ್ಲೇವರ್’ ಅಂತ ಸುಮ್ನೆ ಮುಂದುವರಿಸುವವರು ಜಾಸ್ತಿ ಇದ್ದಾರೆ. ಮುಖ್ಯವಾಗಿ ಅವರಿಗೆ ಈ ಮಾತು.

ಇಷ್ಟು ಅವಸರ ಯಾಕೆ ಅಂದ್ರೆ, ಮಗುವಿನ ಮುಖ ತುಂಬಾ ಬೇಗ ಮೂಡುತ್ತದೆ. ಗರ್ಭ ನಿಂತ 4ನೇ ವಾರಕ್ಕೇ ಹಣೆ ಕಡೆಯಿಂದ, ಎರಡೂ ಪಕ್ಕದಿಂದ ಪುಟ್ಟ ಉಬ್ಬುಗಳು ಬೆಳೆಯಲು ಶುರುವಾಗುತ್ತವೆ, ಅವು ನಡುವೆ ಬಂದು ಒಂದಕ್ಕೊಂದು ಕೂಡಿದರೆ ಮೇಲ್ದುಟಿ ಆಗುತ್ತದೆ. ಅಂಗುಳಿನ ಎರಡು ಹೋಳುಗಳು ಮೊದಲು ನಾಲಿಗೆಯ ಅಕ್ಕಪಕ್ಕ ಇಳಿಬಿದ್ದಿರುತ್ತವೆ. ಆಮೇಲೆ ಮೇಲೆದ್ದು, ಸುಮಾರು 12ನೇ ವಾರದೊಳಗೆ ಬೆಸೆದುಕೊಳ್ಳುತ್ತವೆ. ಬೆಸೆಯದಿದ್ದರೆ ಸೀಳು ಅಂಗುಳು. ದವಡೆಯ ಮೂಳೆ ಗಟ್ಟಿಯಾಗಲು ಶುರುವಾಗುವುದೂ ಇದೇ ವಾರಗಳಲ್ಲೇ.

ನಿಕೋಟಿನ್ ಮಾಸು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತದೆ, ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಸರಿ, ನಿಕೋಟಿನ್ ಇಲ್ಲದಿದ್ದರೆ? ಲಿಕ್ವಿಡ್‌ನಲ್ಲಿರುವ ಪ್ರೊಪೈಲೀನ್ ಗ್ಲೈಕಾಲ್, ಗ್ಲಿಸರಿನ್ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. 2025ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯವರು ಬಸುರಿ ಇಲಿಗಳಿಗೆ ನಿಕೋಟಿನ್ ಇಲ್ಲದ ಆವಿ ಕೊಟ್ಟು ನೋಡಿದರು. ಗ್ಲೈಕಾಲ್ ಶೇ 30, ಗ್ಲಿಸರಿನ್ ಶೇ 70ರ ಮಿಶ್ರಣ ಪಡೆದ ಇಲಿಗಳ ಮರಿಗಳಿಗೆ ಮುಖ ಕಿರಿದಾಗಿತ್ತು, ತೂಕವೂ ಕಡಿಮೆ. ಇದು ಇಲಿಗಳಲ್ಲಿ ಕಂಡದ್ದು, ಮನುಷ್ಯರಲ್ಲೂ ಹೀಗೇ ಆಗುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಸಾಬೀತಾಗುವವರೆಗೆ ಕಾಯೋಕೆ ನಿಮ್ಮ ಹೊಟ್ಟೆಯಲ್ಲಿರುವ ಮಗುವಿಗೆ ಆಗಲ್ಲ ಅಲ್ವಾ?

ಇನ್ನು ಬಿಡೋದು ಹೇಗೆ? ವೇಪ್, ಲಿಕ್ವಿಡ್ ತುಂಬಿರುವ ಪಾಡ್, ಚಾರ್ಜರ್, ಉಳಿದ ಲಿಕ್ವಿಡ್ ಯಾವುದನ್ನೂ ‘ಆಮೇಲೆ ನೋಡೋಣ’ ಅಂತ ಎತ್ತಿಡಬೇಡಿ, ಎಲ್ಲವೂ ಮನೆಯಿಂದ ಆಚೆ ಹೋಗಲಿ. ಚಟ ಎಳೆದಾಗ ಅದರ ಜೋರು ಕೆಲವೇ ನಿಮಿಷ ಇರುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಎದ್ದು ಓಡಾಡಿ, ಯಾರಿಗಾದರೂ ಫೋನ್ ಮಾಡಿ. ವೇಪ್ ಬದಲು ಸಿಗರೇಟ್ ಖಂಡಿತ ಬೇಡ. ಮನೆಯಲ್ಲಿ ಬೇರೆಯವರು ಎಳೆಯುತ್ತಿದ್ದರೆ ಹೊರಗೆ ಹೋಗಿ ಎಳೆಯಲು ಹೇಳಿ, ಮುಲಾಜು ನೋಡಬೇಡಿ.

ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೈತಾರೆ ಅನ್ನೋ ಭಯಕ್ಕೆ ಎಷ್ಟೋ ಜನ ಹೇಳುವುದೇ ಇಲ್ಲ, ಅದರಿಂದ ನಷ್ಟ ನಿಮಗೇ. ಲಿಕ್ವಿಡ್‌ನ ಲೇಬಲ್ಲಿನ ಒಂದು ಫೋಟೋ ತೆಗೆದುಕೊಂಡು ಹೋಗಿ, ಒಂದು ಎಂಎಲ್‌ಗೆ ಎಷ್ಟು ಮಿಲಿಗ್ರಾಂ ನಿಕೋಟಿನ್ ಅಂತ ಅದರಲ್ಲಿರುತ್ತದೆ. ಯಾವ ವಾರದವರೆಗೆ ಎಳೆದಿರಿ ಅನ್ನೋದನ್ನೂ ಹೇಳಿ. ನಿಕೋಟಿನ್ ಗಮ್, ಪ್ಯಾಚ್, ಮಾತ್ರೆ ಯಾವುದನ್ನೂ ಅವರನ್ನು ಕೇಳದೆ ಶುರು ಮಾಡಬೇಡಿ. ಕೊಟ್ಟ ಫೋಲಿಕ್ ಆಸಿಡ್ ತಪ್ಪಿಸಬೇಡಿ.

ಮೂರು ತಿಂಗಳು ಕಳೆದುಹೋಗಿದೆಯಾ? ಆದರೂ ಈಗಲೇ ಬಿಡಿ. ಮೂಳೆ, ಮಿದುಳು, ಶ್ವಾಸಕೋಶ ಕೊನೆಯವರೆಗೂ ಬೆಳೆಯುತ್ತಲೇ ಇರುತ್ತವೆ.

18ರಿಂದ 22ನೇ ವಾರದೊಳಗೆ ಮಾಡುವ ಸ್ಕ್ಯಾನ್ ತಪ್ಪಿಸಬೇಡಿ, ತುಟಿಯನ್ನು ಸರಿಯಾಗಿ ನೋಡಿ ಅಂತ ಬಾಯಿಬಿಟ್ಟು ಕೇಳಿ. ಬರೀ ಅಂಗುಳು ಸೀಳಿದ್ದರೆ ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು. ಅದಕ್ಕೇ ಹೆರಿಗೆಯಾದ ಮೇಲೆ ಮಗುವಿನ ಬಾಯಿಯೊಳಗೆ ಅಂಗುಳನ್ನೂ ಪರೀಕ್ಷಿಸಲು ಮಕ್ಕಳ ಡಾಕ್ಟರಿಗೆ ಹೇಳಿ.