ಕನಸಿನಲ್ಲೂ ಕಸಬರಿಗೆ

ಜೀನ್ಸ್ ಹೊಲಿಯುವ ಮನೆಯಲ್ಲಿ ನೀಲಿ ಧೂಳು ತಪ್ಪಿದ್ದಲ್ಲ. ಓವರ್‌ಲಾಕ್ ಯಂತ್ರ ಅಂಚನ್ನು ಕತ್ತರಿಸುತ್ತಲೇ ಹೊಲಿಯುವುದರಿಂದ ನಾರು ಉದುರುತ್ತಲೇ ಇರುತ್ತದೆ. ದೇವರ ಫೋಟೊ, ಹಾಲಿನ ಪಾತ್ರೆಯ ಮುಚ್ಚಳ, ಮಗಳ ಪಠ್ಯಪುಸ್ತಕ, ಎಲ್ಲದರ ಮೇಲೂ ತೆಳ್ಳಗೆ ಕುಳಿತಿರುತ್ತದೆ. ಬಳ್ಳಾರಿಯಲ್ಲಿ ಈ ಕೆಲಸ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಗುಡಿಸಿದ್ದು ಸಾಲದೆಂಬಂತೆ ನಾನು ಕನಸಿನಲ್ಲೂ ಗುಡಿಸತೊಡಗಿದೆ. ಕಸವನ್ನು ಹೊಸ್ತಿಲವರೆಗೆ ತಂದು ತಿರುಗಿ ನೋಡಿದರೆ ನೆಲವೆಲ್ಲ ಮತ್ತೆ ನೀಲಿ. ಬೆಳಿಗ್ಗೆ ಏಳುವಾಗಲೇ ದಣಿವು.

ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. "ದೀಪ ಹಚ್ಚಿದ ಮೇಲೆ ಗುಡಿಸಿದರೇ ಲಕ್ಷ್ಮಿ ನಿಲ್ಲುವುದಿಲ್ಲ, ನೀನು ನಡುರಾತ್ರಿ ಗುಡಿಸುತ್ತೀಯಲ್ಲವ್ವಾ!" ಎಂದರು. ಮಗಳು ಮೊಬೈಲಿನಲ್ಲಿ ಹುಡುಕಿ ಓದಿದ ಅರ್ಥಗಳಲ್ಲಿ ಒಂದು ಧನಲಾಭ ಎಂದರೆ ಇನ್ನೊಂದು ಧನನಷ್ಟ ಎಂದಿತ್ತು. ಎರಡನ್ನೂ ಬಿಟ್ಟು ದಿಂಬಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ಬರೆಯುವುದಕ್ಕೆ ಒಂದೇ ಕಟ್ಟುಪಾಡು: ಎದ್ದ ಕೂಡಲೇ, ಒಲೆ ಹಚ್ಚುವ ಮೊದಲೇ ಬರೆಯಬೇಕು. ಕನಸು ದಟ್ಟವಾಗಿ ಬೀಳುವ, ಕಣ್ಣುಗುಡ್ಡೆ ಹೊರಳಾಡುವ ನಿದ್ರೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಹಾಗಾಗಿ ಬೆಳಗಿನ ಜಾವದ ಕನಸು ಕೈಗೆ ಸಿಗುತ್ತದೆ, ಆದರೆ ಚಹಾ ಕುದಿಯುವಷ್ಟರಲ್ಲಿ ಹಾರಿಹೋಗುತ್ತದೆ. ಕನಸಿನಲ್ಲಿ ಏನಾಯಿತು, ಯಾರಿದ್ದರು, ಮನಸ್ಸಿಗೆ ಹೇಗನ್ನಿಸಿತು. ಅದರ ಕೆಳಗೆ, ಹಿಂದಿನ ದಿನ ಏನು ನಡೆದಿತ್ತು. ಇಷ್ಟೇ.

ಕೈ ಮಾಡಿದ್ದನ್ನೇ ಕಣ್ಣು ಮತ್ತೆ ನೋಡುವುದು ಹೊಸದೇನಲ್ಲ. ಅಮೆರಿಕದ ನಿದ್ರಾ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೊ ಆಟ ಆಡಿದವರಿಗೆ ನಿದ್ದೆ ಹತ್ತುವ ಹೊತ್ತಿಗೆ ಅದೇ ಬೀಳುವ ತುಂಡುಗಳು ಕಂಡಿದ್ದವು. ಮರೆವಿನ ಕಾಯಿಲೆಯಿಂದ ಆಡಿದ್ದನ್ನೇ ಮರೆತವರಲ್ಲೂ ಕೆಲವರಿಗೆ ಕಂಡಿದ್ದವು. ನನ್ನ ನೀಲಿ ನಾರಿಗೂ ಇದೇ ಕಾರಣ ಎಂದುಕೊಂಡೆ. ಆದರೆ ನೋಟ್‌ಬುಕ್ ಅಷ್ಟಕ್ಕೇ ಒಪ್ಪಲಿಲ್ಲ. ದೀಪಾವಳಿಯ ಮುಂಚೆ, ಕೆಲಸ ಕತ್ತಿನವರೆಗೆ ಬಂದಿದ್ದಾಗ, ಕನಸು ಒಮ್ಮೆಯೂ ಬಿದ್ದಿರಲಿಲ್ಲ. ಬಿದ್ದದ್ದೆಲ್ಲ ಮಾಲು ತಪಾಸಣೆಗೆ ಹೋಗುವ ಹಿಂದಿನ ರಾತ್ರಿ, ಇಲ್ಲವೇ ನಾದಿನಿಯವರು ಬರುವ ಮುನ್ನಾದಿನ. ಪ್ರತಿ ಪುಟದಲ್ಲೂ ಹೊಸ್ತಿಲಾಚೆ ಒಬ್ಬರು ನಿಂತಿದ್ದರು, ಮುಖ ಕಾಣದು, ಕೈಯಲ್ಲೊಂದು ಪ್ಯಾಂಟ್. ನಾನು ಗುಡಿಸುತ್ತಿದ್ದದ್ದು ಅವರ ಕಣ್ಣಿಗಾಗಿ! ಕಸ ಬರೀ ನೆಪ. ನನ್ನ ಮಟ್ಟಿಗೆ ಕನಸಿನ ಅರ್ಥ ಅಲ್ಲಿಗೆ ಸಿಕ್ಕಿತು. ಬೇರೆಯವರ ಕಸಬರಿಗೆಗೆ ಬೇರೆ ಅರ್ಥ ಇದ್ದೀತು.

ಕನಸನ್ನು ತಿದ್ದುವ ಒಂದು ವಿಧಾನವೂ ಇದೆ. ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರಲ್ಲಿ ಅಮೆರಿಕದ ನಿದ್ರಾವೈದ್ಯ ಬ್ಯಾರಿ ಕ್ರಾಕೋ ಅವರ ತಂಡ ಇದನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಹಗಲಿನಲ್ಲಿ ಕನಸನ್ನು ನಮಗೆ ಬೇಕಾದಂತೆ ಬದಲಿಸಿ, ಆ ಹೊಸ ರೂಪವನ್ನು ದಿನವೂ ಸ್ವಲ್ಪ ಹೊತ್ತು ಕಣ್ಣಿಗೆ ಕಟ್ಟಿಕೊಳ್ಳಬೇಕು. ನಾನು ಬದಲಿಸಿದ್ದು ಒಂದೇ ಸಂಗತಿ: ಕಸಬರಿಗೆಯನ್ನು ಆ ನಿಂತವರ ಕೈಗೇ ಕೊಟ್ಟು, "ಇಗೋ, ನೀವೇ ಗುಡಿಸಿ" ಎಂದು ಒಳಗೆ ಹೋಗಿ ಚಹಾ ಕುಡಿಯುವುದು. ಮಧ್ಯಾಹ್ನ ಊಟವಾದ ಮೇಲೆ, ಯಂತ್ರದ ಮುಂದೆ ಕೂರುವ ಮೊದಲು ಇದನ್ನು ನೆನೆಯುತ್ತಿದ್ದೆ, ನಗು ಬರುತ್ತಿತ್ತು. ಜೊತೆಗೆ, ಮಾಲು ಹೋಗುವ ಹಿಂದಿನ ಸಂಜೆಯೇ ಪೀಸುಗಳನ್ನು ಎಣಿಸಿ ಕಟ್ಟಿ, ಚೀಟಿ ಅಂಟಿಸಿ, ಬಾಗಿಲ ಬಳಿ ಇಟ್ಟುಬಿಡುತ್ತೇನೆ. ಈ ತಯಾರಿಯಿಂದ ಆದ ಉಪಕಾರ ಹೆಚ್ಚೋ ಕನಸು ತಿದ್ದಿದ್ದರಿಂದಲೋ, ಬೇರ್ಪಡಿಸಲಾರೆ.

ಕನಸು ಈಗಲೂ ಆಗೊಮ್ಮೆ ಈಗೊಮ್ಮೆ ಬೀಳುತ್ತದೆ, ಎದ್ದ ಮೇಲೆ ದಣಿವಿರುವುದಿಲ್ಲ. ಆದರೆ ಎಚ್ಚರದಲ್ಲೇ ಒರೆಸಿದ್ದನ್ನು ಒರೆಸುವುದು, ಕೈ ತೊಳೆಯುವುದು ನಿಲ್ಲದೆ ದಿನಕ್ಕೆ ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಅದಕ್ಕೆ ನೋಟ್‌ಬುಕ್ ಸಾಲದು. ಅದು ಗೀಳು ಕಾಯಿಲೆ ಇರಬಹುದು, ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.